ವಿನ್ಯಾಸ ತಂತ್ರಾಂಶಗಳ ಅಳವಡಿಕೆ ಮತ್ತು ಪರವಾನಗಿ: ಚಾಮರಾಜನಗರ, ಗುಂಡ್ಲುಪೇಟೆಯ ನೆಲೆಯಲ್ಲಿ

ಚಾಮರಾಜನಗರ ಮತ್ತು ಗುಂಡ್ಲುಪೇಟೆಯಲ್ಲಿ ವಿನ್ಯಾಸ ತಂತ್ರಾಂಶಗಳು ಮುಖ್ಯವಾಗಿ ನಾಲ್ಕು ಕಡೆ ಬಳಕೆಯಲ್ಲಿವೆ. ಮೊದಲನೆಯದು ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ, ಆಷಾಢದ ಚಾಮರಾಜೇಶ್ವರ ರಥೋತ್ಸವಕ್ಕೆ ಶುಭ ಕೋರುವ ಬ್ಯಾನರು ಇವೆಲ್ಲ ಹೊರಡುವುದು ಅಲ್ಲಿಂದ. ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪ್ ಅಲ್ಲಿನ ಆಯುಧಗಳು. ಎರಡನೆಯದು ಮನೆ ಪ್ಲಾನ್ ಬರೆದುಕೊಡುವ ಎಂಜಿನಿಯರುಗಳ ಕಚೇರಿ. ಅಲ್ಲಿ ಆಟೋಕ್ಯಾಡ್‌ನದೇ ದರ್ಬಾರು. ಮೂರನೆಯದು ಮರದ ಬಾಗಿಲು, ಕಲ್ಲಿನ ಫಲಕಗಳ ಮೇಲೆ ಚಿತ್ತಾರ ಕೆತ್ತುವ ಸಿಎನ್‌ಸಿ ಯಂತ್ರಗಳ ಕಾರ್ಯಾಗಾರ. ಕರಿ ಗ್ರಾನೈಟಿಗೆ ಹೆಸರಾದ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ನಾಲ್ಕನೆಯದು ಕಲಿಸುವ ಸಂಸ್ಥೆಗಳು: 2007ರಲ್ಲಿ ಆರಂಭವಾದ ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಗುಂಡ್ಲುಪೇಟೆಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಐಟಿಐಗಳು. ಮೊದಲ ಮೂರು ಕಡೆ ಒಂದೋ ಎರಡೋ ಸಿಸ್ಟಂ ಇದ್ದರೆ ಹೆಚ್ಚು. ನಾಲ್ಕನೆಯ ಕಡೆ ಹತ್ತಾರು ಸಿಸ್ಟಂಗಳು ಒಂದೇ ಜಾಲಕ್ಕೆ ಸೇರಿರುತ್ತವೆ. ತಂತ್ರಾಂಶ ಹಾಕುವ ಕ್ರಮವೂ ಪರವಾನಗಿಯ ಲೆಕ್ಕವೂ ಈ ಎರಡು ಗುಂಪುಗಳಿಗೆ ಬೇರೆ ಬೇರೆ.

ಹಣ ಕೊಟ್ಟವರ ಕೈಗೆ ಏನು ಬರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸಿದೆ. ಕೃತಿಯ ಹಕ್ಕು ಕಂಪನಿಯಲ್ಲೇ ಉಳಿಯುತ್ತದೆ, ಗ್ರಾಹಕನಿಗೆ ಸಿಗುವುದು ಷರತ್ತುಬದ್ಧ ಬಳಕೆಯ ಅನುಮತಿ. ಈ ಭೇದದ ಮೇಲೆ ಕರ್ನಾಟಕದಿಂದಲೇ ಒಂದು ದೊಡ್ಡ ವ್ಯಾಜ್ಯ ಹೊರಟಿತು. ವಿದೇಶದಿಂದ ತರಿಸಿದ ತಂತ್ರಾಂಶಕ್ಕೆ ಕೊಟ್ಟ ಹಣ ಕೃತಿಸ್ವಾಮ್ಯದ ರಾಯಧನವೇ ಎಂಬ ತೆರಿಗೆ ಪ್ರಶ್ನೆಗೆ 2011ರಲ್ಲಿ ಕರ್ನಾಟಕ ಹೈಕೋರ್ಟ್ ಹೌದು ಎಂದಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿಯ ಹೆಸರಿನಲ್ಲಿ ಪ್ರಸಿದ್ಧವಾದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಆ ತೀರ್ಪನ್ನು ತಳ್ಳಿಹಾಕಿತು. ಬಳಕೆದಾರನಿಗೆ ಕೃತಿಸ್ವಾಮ್ಯದ ಯಾವ ಅಂಶವೂ ವರ್ಗವಾಗುವುದಿಲ್ಲ, ಆದ್ದರಿಂದ ಅದು ರಾಯಧನವಲ್ಲ ಎಂಬುದು ಅದರ ನಿಲುವು. ತೆರಿಗೆಯ ತಕರಾರೇನೋ ಬಗೆಹರಿಯಿತು. ಅದರ ಜೊತೆಗೆ, ಬಳಕೆದಾರನ ಕೈಯಲ್ಲಿ ಎಷ್ಟು ಕಡಿಮೆ ಇದೆ ಎಂಬುದೂ ಸ್ಪಷ್ಟವಾಯಿತು.

ಹಾಗೆಂದು ಬಳಕೆದಾರನಿಗೆ ಏನೂ ಇಲ್ಲವೆಂದಲ್ಲ. ನ್ಯಾಯವಾಗಿ ಪಡೆದ ತಂತ್ರಾಂಶದ ಒಂದು ಪ್ರತಿಯನ್ನು, ಮೂಲ ಕಳೆದುಹೋದರೆ ಅಥವಾ ಕೆಟ್ಟರೆ ಇರಲೆಂದು ತೆಗೆದಿಟ್ಟುಕೊಳ್ಳಲು ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಇನ್ನೊಂದು ಮಗ್ಗುಲು 63ಬಿ ಕಲಮು. ಕಳ್ಳಪ್ರತಿ ಎಂದು ತಿಳಿದೂ ಬಳಸಿದರೆ 7 ದಿನಕ್ಕೆ ಕಡಿಮೆಯಿಲ್ಲದ, 3 ವರ್ಷದವರೆಗಿನ ಸಜೆ, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಬಳಸಿಲ್ಲ ಎಂದಾದರೆ ನ್ಯಾಯಾಲಯ ಸಜೆಯನ್ನು ಬಿಟ್ಟು 50 ಸಾವಿರದೊಳಗಿನ ದಂಡ ಮಾತ್ರ ವಿಧಿಸಬಹುದು. ಮನೆಯಲ್ಲಿ ಕಲಿಯುವ ಹುಡುಗನಿಗೂ ಬಾಡಿಗೆ ಅಂಗಡಿಯಲ್ಲಿ ಪ್ಲಾನ್ ಬರೆದು ದುಡ್ಡು ಎಣಿಸುವವನಿಗೂ ಕಾನೂನು ಇಟ್ಟಿರುವ ಅಂತರ ಇಷ್ಟು.

ಅನುಮತಿಯನ್ನು ಯಾವುದಕ್ಕೆ ಗಂಟುಹಾಕಬೇಕು ಎಂಬ ವಿಷಯದಲ್ಲಿ ಕಂಪನಿಗಳು ಕಾಲಕಾಲಕ್ಕೆ ಮನಸ್ಸು ಬದಲಿಸಿವೆ. ಮೊದಲು ಅದು ಒಂದು ವಸ್ತುವಿಗೆ ಅಂಟಿತ್ತು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ತಂದ ಡಿಟಿಪಿ ಅಂಗಡಿಯವರು ಸಿ.ಡಿ. ಜೊತೆಗೆ ಒಂದು ಡಾಂಗಲ್ಲನ್ನೂ ತರುತ್ತಿದ್ದರು. ಅಂಗಡಿಯ ಮಾತಿನಲ್ಲಿ ಅದು ಬರೀ ‘ಲಾಕು’. ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ ಅದನ್ನು ಸಿಕ್ಕಿಸದಿದ್ದರೆ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಅಮೆರಿಕದ ಹೊರಗೆ ಮಾರುತ್ತಿದ್ದ ಹಳೆಯ ಆಟೋಕ್ಯಾಡ್‌ಗಳಿಗೂ ಇಂಥದೇ ಲಾಕು ಇತ್ತು. ಲಾಕಿನ ಗುಣವೆಂದರೆ ಅದನ್ನು ಕಿತ್ತು ಇನ್ನೊಂದು ಸಿಸ್ಟಂಗೆ ಹಾಕಬಹುದಿತ್ತು, ಯಾರನ್ನೂ ಕೇಳಬೇಕಿರಲಿಲ್ಲ. ಕಳೆದರೆ ಮಾತ್ರ ಹಣ ಹೋದಂತೆಯೇ. ಹೊಸ ಕಂಪ್ಯೂಟರುಗಳಲ್ಲಿ ಪ್ಯಾರಲಲ್ ಪೋರ್ಟೇ ಇಲ್ಲವಾದಾಗ ಹಳೆಯ ಲಾಕುಗಳು ಮೇಜಿನ ಡ್ರಾಯರು ಸೇರಿದವು.

ಆಮೇಲೆ ಬಂದದ್ದು ಸೀರಿಯಲ್ ನಂಬರ್. ಪೆಟ್ಟಿಗೆಯ ಮೇಲಿನ ಅಂಕಿ ಹೊಡೆದರೆ ಸಾಕು. ಒಂದೇ ಅಂಕಿ ಊರೆಲ್ಲ ಓಡಾಡುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಹಾಗಾಗಿ ಆಕ್ಟಿವೇಷನ್ ಬಂತು: ಸಿಸ್ಟಂನ ಬಿಡಿಭಾಗಗಳ ಗುರುತನ್ನು ಕಂಪನಿಯ ಸರ್ವರಿಗೆ ಕಳಿಸಿ, ಅಲ್ಲಿಂದ ಒಪ್ಪಿಗೆ ಪಡೆಯುವ ಪದ್ಧತಿ. ಇಲ್ಲಿ ಅನುಮತಿ ಯಂತ್ರಕ್ಕೆ ಅಂಟಿತು. ಈಗಿನದು ನಾಲ್ಕನೆಯ ಹಂತ. ಅನುಮತಿ ಅಂಟಿರುವುದು ಇ-ಮೇಲ್ ಖಾತೆ ಇರುವ ಒಬ್ಬ ವ್ಯಕ್ತಿಗೆ, ಅದೂ ಚಂದಾ ಕಟ್ಟುವವರೆಗೆ. ಫೋಟೋಶಾಪ್, ಪೇಜ್‌ಮೇಕರ್‌ಗಳ ಒಡೆಯ ಅಡೋಬಿ 2012ರ ಸಿಎಸ್6 ತನ್ನ ಕೊನೆಯ ಶಾಶ್ವತ ಆವೃತ್ತಿ ಎಂದು 2013ರ ಮೇ ತಿಂಗಳಲ್ಲಿ ಸಾರಿತು. ಆಟೋಕ್ಯಾಡ್‌ನ ಒಡೆಯ ಆಟೋಡೆಸ್ಕ್ 2016ರಲ್ಲಿ ಹೊಸ ಶಾಶ್ವತ ಪರವಾನಗಿಗಳ ಮಾರಾಟ ನಿಲ್ಲಿಸಿತು. ಕೋರೆಲ್‌ಡ್ರಾ ಮಾತ್ರ ಚಂದಾ ಮತ್ತು ಒಮ್ಮೆಗೇ ಕೊಳ್ಳುವ ಎರಡೂ ದಾರಿಗಳನ್ನು ಉಳಿಸಿಕೊಂಡು ಬಂದಿದೆ. ಫ್ಲೆಕ್ಸ್ ಅಂಗಡಿಗಳಲ್ಲಿ ಅದು ಬೇರೂರಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಶಾಶ್ವತ ಎಂಬ ಮಾತೂ ಸರ್ವರು ಉಸಿರಾಡುವ ತನಕವಷ್ಟೇ. ಹಳೆಯ ಸಿಎಸ್2ರ ಆಕ್ಟಿವೇಷನ್ ಸರ್ವರನ್ನು ಅಡೋಬಿ ಮುಚ್ಚಿದಾಗ, ಹಣ ಕೊಟ್ಟು ಕೊಂಡವರು ಮರಳಿ ಹಾಕಿಕೊಳ್ಳಲಾಗದೆ ನಿಂತರು. ಕೊನೆಗೆ ಆಕ್ಟಿವೇಷನ್ ಬೇಡದ ಪ್ರತಿಯನ್ನು ಕಂಪನಿಯೇ 2013ರಲ್ಲಿ ಒದಗಿಸಬೇಕಾಯಿತು. 2019ರಲ್ಲಿ ಅಮೆರಿಕ ಸರ್ಕಾರದ ನಿರ್ಬಂಧ ಆದೇಶದಿಂದಾಗಿ ವೆನೆಜುವೆಲಾದ ಎಲ್ಲ ಖಾತೆಗಳನ್ನು ಮುಚ್ಚುವುದಾಗಿ ಅಡೋಬಿ ಪ್ರಕಟಿಸಿತು. ಕೆಲವೇ ವಾರಗಳಲ್ಲಿ ವಿಶೇಷ ಅನುಮತಿ ದೊರೆತು ಆ ನಿರ್ಧಾರ ಕೈಬಿಟ್ಟಿತು. ಸಿಎನ್‌ಸಿ ಕೆತ್ತನೆಯವರ ಅನುಭವ ಇನ್ನೂ ಹತ್ತಿರದ್ದು. ಅವರು ಬಹುವಾಗಿ ನೆಚ್ಚಿದ್ದ ಆರ್ಟ್‌ಕ್ಯಾಮ್ ಬ್ರಿಟನ್ನಿನ ಡೆಲ್‌ಕ್ಯಾಮ್ ಕಂಪನಿಯದು. 2014ರಲ್ಲಿ ಡೆಲ್‌ಕ್ಯಾಮ್ ಆಟೋಡೆಸ್ಕ್ ಪಾಲಾಯಿತು, 2018ರಲ್ಲಿ ಆರ್ಟ್‌ಕ್ಯಾಮ್ ಮಾರಾಟವೇ ನಿಂತಿತು. ಅದರ ಮೂಲ ಸಂಕೇತ ಪಡೆದ ಕಾರ್ವೆಕೋ ಎಂಬ ಕಂಪನಿ ಮುಂದೆ ಬಂತಾದರೂ, ಯಂತ್ರಕ್ಕೆ ಲಕ್ಷಾಂತರ ಸುರಿದವರು ತಂತ್ರಾಂಶಕ್ಕೆ ಮತ್ತೆ ದಾರಿ ಹುಡುಕುವಂತಾಯಿತು.

ಒಂಟಿ ಸಿಸ್ಟಂನಲ್ಲಿ ಅಳವಡಿಸುವ ಕೆಲಸ ನೋಡಲು ಸಲೀಸು, ತೊಡಕು ಬರುವುದು ಅಂಚುಗಳಲ್ಲಿ. ಆಟೋಕ್ಯಾಡ್ 2020ರಿಂದ 32 ಬಿಟ್ ವಿಂಡೋಸ್‌ಗೆ ಬೆಂಬಲವಿಲ್ಲ. ಅಂಗಡಿಯ ಹಳೆಯ ಸಿಸ್ಟಂ 32 ಬಿಟ್ಟಿನದಾಗಿದ್ದರೆ, ಅದರ ಮೇಲೆ ಹೊಸ ಚಂದಾ ಕಟ್ಟಿದರೂ ಪ್ರಯೋಜನವಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಳವಡಿಸುವಾಗ ಅಡ್ಮಿನಿಸ್ಟ್ರೇಟರ್ ಖಾತೆ ಬೇಕು, ಡಿಸ್ಕಿನಲ್ಲಿ ಹತ್ತಾರು ಗಿಗಾಬೈಟ್ ಖಾಲಿ ಇರಬೇಕು, ಡೌನ್‌ಲೋಡ್ ಮುಗಿಯುವ ತನಕ ಕರೆಂಟು ನಿಲ್ಲಬಾರದು. ಚಂದಾ ಪದ್ಧತಿಯಲ್ಲಿ ದಿನವೂ ಇಂಟರ್ನೆಟ್ ಬೇಕೆಂದೇನಿಲ್ಲ. ಅಡೋಬಿ ತಿಂಗಳ ಚಂದಾದವರಿಗೆ ಸುಮಾರು 30 ದಿನ, ವರ್ಷದ ಚಂದಾದವರಿಗೆ 99 ದಿನ ಸಂಪರ್ಕವಿಲ್ಲದೆ ಕೆಲಸ ಮಾಡಲು ಬಿಡುತ್ತದೆ. ಎರಡು ಸಿಸ್ಟಂಗಳಲ್ಲಿ ಹಾಕಿಕೊಳ್ಳಬಹುದು, ಆದರೆ ಒಬ್ಬನೇ, ಒಂದು ಹೊತ್ತಿಗೆ ಒಂದರಲ್ಲಿ. ಅಂಗಡಿಯ ಇಬ್ಬರು ಹುಡುಗರು ಒಂದೇ ಖಾತೆಯಲ್ಲಿ ಎರಡು ಕಡೆ ಕೂತು ಕೆಲಸ ಮಾಡುವುದು ಷರತ್ತಿನ ಉಲ್ಲಂಘನೆ.

ಸಣ್ಣ ಊರಿನಲ್ಲಿ ಅತಿ ಹೆಚ್ಚು ಪರವಾನಗಿ ಹಾಳಾಗುವುದು ‘ಫಾರ್ಮ್ಯಾಟ್ ಹೊಡೆಸು’ವಾಗ. ಸಿಸ್ಟಂ ನಿಧಾನವಾಯಿತೆಂದು ರಿಪೇರಿಯವನ ಹತ್ತಿರ ಒಯ್ದರೆ ಅವನು ಮೊದಲು ಮಾಡುವ ಕೆಲಸ ಇದೇ. ಆಕ್ಟಿವೇಷನ್ ಪದ್ಧತಿಯ ತಂತ್ರಾಂಶವನ್ನು ಅದಕ್ಕೆ ಮುಂಚೆ ಡಿಆಕ್ಟಿವೇಟ್ ಮಾಡದಿದ್ದರೆ ಕಂಪನಿಯ ಲೆಕ್ಕದಲ್ಲಿ ಹಳೆಯ ಸಿಸ್ಟಂ ಇನ್ನೂ ಜೀವಂತ. ಮದರ್‌ಬೋರ್ಡ್ ಬದಲಿಸಿದರೂ ಇದೇ ಕಥೆ. ಫ್ಲೆಕ್ಸ್‌ನೆಟ್ ಎಂಬ ಪರವಾನಗಿ ವ್ಯವಸ್ಥೆ ತನ್ನ ಗುರುತನ್ನು ಡಿಸ್ಕಿನ ಮೊಟ್ಟಮೊದಲ ಭಾಗದಲ್ಲಿ, ಯಾವ ಫೋಲ್ಡರಿನಲ್ಲೂ ಕಾಣದ ಜಾಗದಲ್ಲಿ ಬರೆದಿಡುತ್ತಿತ್ತು. ಲಿನಕ್ಸ್‌ನ ಬೂಟ್ ಲೋಡರ್ ಗ್ರಬ್ ಕೂಡ ಅಲ್ಲೇ ವಾಸ. ಒಂದೇ ಡಿಸ್ಕಿನಲ್ಲಿ ಎರಡೂ ಇದ್ದ ಸಿಸ್ಟಂಗಳು ಏಕಾಏಕಿ ಸ್ಟಾರ್ಟ್ ಆಗದೆ ಕೂರುತ್ತಿದ್ದ ಪ್ರಸಂಗಗಳಿಗೆ ಈ ಜಾಗದ ಜಗಳವೇ ಮೂಲ.

ಜಾಲದಲ್ಲಿ ಅಳವಡಿಸುವ ವಿಷಯ ಹೆಚ್ಚು ವಿವರ ಬೇಡುತ್ತದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಮೊದಲ ವರ್ಷದವರೆಲ್ಲ ಕಂಪ್ಯೂಟರ್ ನೆರವಿನ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಯಬೇಕು. ಅದಕ್ಕೆ ಸೀಮೆನ್ಸ್‌ನ ಸಾಲಿಡ್ ಎಡ್ಜ್ ಹೆಚ್ಚು ರೂಢಿ. ಇಂಥ ಲ್ಯಾಬಿನಲ್ಲಿ ಪ್ರತಿ ಸಿಸ್ಟಂಗೂ ಪ್ರತ್ಯೇಕ ಪರವಾನಗಿ ಕೊಳ್ಳುವ ಬದಲು, ಒಂದು ಸರ್ವರಿನಲ್ಲಿ ಇಷ್ಟು ಸೀಟು ಎಂದು ಇಟ್ಟು, ತಂತ್ರಾಂಶ ತೆರೆದವರಿಗೆ ಒಂದೊಂದು ಸೀಟು ಕೊಟ್ಟು, ಮುಚ್ಚಿದಾಗ ವಾಪಸ್ ಪಡೆಯುವ ಪದ್ಧತಿ ಇದೆ. ಸೀಟು 30, ಸಿಸ್ಟಂ 40 ಇದ್ದರೆ ನಲವತ್ತರಲ್ಲೂ ತಂತ್ರಾಂಶ ಹಾಕಬಹುದು; ಒಮ್ಮೆಗೆ ತೆರೆಯುವುದು ಮಾತ್ರ ಮೂವತ್ತು ಜನ. ಮೂವತ್ತೊಂದನೆಯವನಿಗೆ ಪರವಾನಗಿ ಲಭ್ಯವಿಲ್ಲ ಎಂಬ ಪೆಟ್ಟಿಗೆ ಕಾಣುತ್ತದೆ.

ಇದನ್ನು ಅಣಿಗೊಳಿಸುವ ಕ್ರಮ ಹೀಗೆ. ಸರ್ವರ್ ಆಗುವ ಸಿಸ್ಟಂನ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ, ಅಂದರೆ 12 ಅಕ್ಷರಾಂಕಿಗಳ ಗುರುತನ್ನು, ಮತ್ತು ಸಿಸ್ಟಂನ ಹೆಸರನ್ನು ಕಂಪನಿಗೆ ಕೊಡಬೇಕು. ಅವೆರಡಕ್ಕೆ ಕಟ್ಟಿದ ಒಂದು ಪುಟ್ಟ ಪಠ್ಯ ಕಡತ ಬರುತ್ತದೆ. ಅದರ ಮೊದಲ ಸಾಲಿನಲ್ಲಿ ಸರ್ವರಿನ ಹೆಸರು ಮತ್ತು ವಿಳಾಸ, ಮುಂದೆ ಕಂಪನಿಯ ಸೇವಾ ಪ್ರೋಗ್ರಾಮಿನ ಹೆಸರು, ಆಮೇಲೆ ಯಾವ ತಂತ್ರಾಂಶ, ಎಷ್ಟು ಸೀಟು, ಯಾವ ದಿನದವರೆಗೆ ಎಂಬ ವಿವರ, ಕೊನೆಗೆ ಗೂಢಲಿಪಿಯ ಸಹಿ. ಸೀಟು, ದಿನಾಂಕದಂಥ ವಿವರದಲ್ಲಿ ಒಂದು ಅಂಕಿ ತಿದ್ದಿದರೂ ಸಹಿ ಹೊಂದದೆ ಕಡತ ರದ್ದಾಗುತ್ತದೆ. ಫ್ಲೆಕ್ಸ್‌ನೆಟ್ ಸಾಮಾನ್ಯವಾಗಿ 27000ದಿಂದ 27009ರವರೆಗಿನ ಪೋರ್ಟುಗಳಲ್ಲಿ ಒಂದನ್ನು ಬಳಸುತ್ತದೆ. ಆಟೋಡೆಸ್ಕ್‌ನ ಸೇವೆಗೆ ವಾಡಿಕೆಯ ಪೋರ್ಟ್ 2080, ಸಾಲಿಡ್‌ವರ್ಕ್ಸ್‌ಗೆ 25734. ಸರ್ವರಿನ ಫೈರ್‌ವಾಲ್‌ನಲ್ಲಿ ಇವನ್ನು ತೆರೆದಿಡದಿದ್ದರೆ ಎಲ್ಲ ಸರಿಯಿದ್ದೂ ಯಾರಿಗೂ ಸೀಟು ಸಿಗದು. ಲ್ಯಾಬುಗಳಲ್ಲಿ ಅರ್ಧ ದಿನ ತಿನ್ನುವ ತಕರಾರುಗಳಲ್ಲಿ ಹೆಚ್ಚಿನವು ಮೂರೇ: ಫೈರ್‌ವಾಲ್ ಮುಚ್ಚಿರುವುದು, ಯಾರೋ ಸರ್ವರಿನ ಹೆಸರು ಬದಲಿಸಿರುವುದು, ಕಾರ್ಡು ಸುಟ್ಟು ಹೊಸದು ಹಾಕಿದ್ದರಿಂದ ಮ್ಯಾಕ್ ವಿಳಾಸ ಬೇರೆಯಾಗಿರುವುದು.

ಸರ್ವರೇ ಕೈಕೊಟ್ಟರೆ ಇಡೀ ಲ್ಯಾಬು ನಿಲ್ಲುತ್ತದೆ. ಅದಕ್ಕೆ ಎರಡು ಪರಿಹಾರಗಳಿವೆ. ಸೀಟುಗಳನ್ನು ಎರಡು ಮೂರು ಸರ್ವರುಗಳಿಗೆ ಹಂಚುವುದು ಒಂದು. ಒಂದು ನಿಂತರೆ ಅದರ ಪಾಲಿನ ಸೀಟಷ್ಟೇ ನಷ್ಟ. ಮೂರು ಸರ್ವರುಗಳನ್ನು ಜೋಡಿಸುವುದು ಇನ್ನೊಂದು. ಮೂರರಲ್ಲಿ ಎರಡು ಎಚ್ಚರವಿರುವ ತನಕ ಎಲ್ಲ ಸೀಟುಗಳೂ ಉಳಿಯುತ್ತವೆ. ಮೂರನ್ನೂ ಒಂದೇ ಕೋಣೆಯಲ್ಲಿ, ಒಂದೇ ಯುಪಿಎಸ್‌ಗೆ ಸಿಕ್ಕಿಸಿದರೆ ಈ ಏರ್ಪಾಡಿಗೆ ಅರ್ಥವಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಪ್ರಾಜೆಕ್ಟಿಗೆಂದು ಲ್ಯಾಪ್‌ಟಾಪ್ ಹೊರಗೆ ಒಯ್ಯುವವರಿಗೆ ಸೀಟು ಎರವಲು ಕೊಡುವ ಸೌಲಭ್ಯವೂ ಉಂಟು. ಆಟೋಡೆಸ್ಕ್‌ನಲ್ಲಿ ಅದರ ಮಿತಿ 180 ದಿನ. ಗಡುವಿಗೆ ಮೊದಲು ವಾಪಸ್ ಮಾಡದೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆದರೆ, ಗಡುವು ಮುಗಿಯುವವರೆಗೆ ಆ ಸೀಟು ಲ್ಯಾಬಿಗಿಲ್ಲ. ತೆರೆದಿಟ್ಟು ಊಟಕ್ಕೆ ಹೋದವರ ಸೀಟನ್ನು ಇಷ್ಟು ನಿಮಿಷದ ನಂತರ ಹಿಂಪಡೆಯಬೇಕು ಎಂಬ ಸೂಚನೆಯನ್ನು ಸರ್ವರಿನ ಇನ್ನೊಂದು ಕಡತದಲ್ಲಿ ಬರೆದಿಡಬಹುದು. ಬಹುಪಾಲು ಲ್ಯಾಬುಗಳು ಅದನ್ನು ಬರೆಯದೆ, ಸೀಟು ಸಾಲದೆಂದು ದೂರುತ್ತವೆ.

ನಲವತ್ತು ಸಿಸ್ಟಂಗಳಿಗೆ ಒಂದೊಂದಾಗಿ ತಂತ್ರಾಂಶ ಹಾಕುವುದು ಮೂರ್ಖತನ. ಹಂಚಿಕೆಯ ಫೋಲ್ಡರಿನಲ್ಲಿ ಸೀರಿಯಲ್ ನಂಬರ್, ಸರ್ವರಿನ ಹೆಸರು ಎಲ್ಲ ತುಂಬಿದ ಸಿದ್ಧ ಪ್ರತಿ ಇಟ್ಟು, ಪ್ರತಿ ಸಿಸ್ಟಂನಿಂದ ಅದನ್ನು ಓಡಿಸಿದರೆ ಪ್ರಶ್ನೆ ಕೇಳದೆ ಅಳವಡಿಕೆ ಮುಗಿಯುತ್ತದೆ. ಒಂದು ಸಿಸ್ಟಂ ಸಿದ್ಧಪಡಿಸಿ ಅದರ ಡಿಸ್ಕನ್ನೇ ಉಳಿದವಕ್ಕೆ ನಕಲಿಸುವ ಪದ್ಧತಿಯೂ ಇದೆ. ಜಾಲದ ಪರವಾನಗಿಗೆ ಅದು ಹೊಂದುತ್ತದೆ. ಯಂತ್ರಕ್ಕೆ ಕಟ್ಟಿದ ಪರವಾನಗಿಗೆ ಹೊಂದುವುದಿಲ್ಲ, ಏಕೆಂದರೆ ನಕಲಾದ ಗುರುತು ಹೊಸ ಯಂತ್ರಕ್ಕೆ ತಾಳೆಯಾಗದು. ರೀಸ್ಟಾರ್ಟ್ ಆದೊಡನೆ ಸಿಸ್ಟಂ ಹಿಂದಿನ ಸ್ಥಿತಿಗೆ ಮರಳುವಂತೆ ಮಾಡುವ ಡೀಪ್ ಫ್ರೀಜ್‌ನಂಥ ಪ್ರೋಗ್ರಾಮುಗಳೂ ಇದೇ ಬಗೆಯ ತೊಂದರೆ ತರುತ್ತವೆ. ನಿನ್ನೆ ಮಾಡಿದ ಆಕ್ಟಿವೇಷನ್ ಬೆಳಿಗ್ಗೆ ಅಳಿಸಿಹೋಗಿರುತ್ತದೆ.

ಜಾಲದ ಪರವಾನಗಿಯ ಕಾಲವೂ ಹಿಂದೆ ಸರಿಯುತ್ತಿದೆ. ಆಟೋಡೆಸ್ಕ್ 2020ರ ಆಗಸ್ಟ್ 7ರಿಂದ ವಾಣಿಜ್ಯ ಗ್ರಾಹಕರ ಜಾಲ ಚಂದಾವನ್ನು ಕ್ರಮೇಣ ಕೈಬಿಟ್ಟು, ಒಂದು ಸೀಟಿಗೆ ಬದಲಾಗಿ ಇಬ್ಬರು ಹೆಸರಿಸಿದ ವ್ಯಕ್ತಿಗಳ ಚಂದಾ ಕೊಡತೊಡಗಿತು. ಪಾಳಿಯಲ್ಲಿ ಐದಾರು ಜನ ಒಂದೇ ಸೀಟನ್ನು ಬಳಸುತ್ತಿದ್ದ ಕಚೇರಿಗೆ ಇದು ನಷ್ಟದ ವ್ಯಾಪಾರ. ಇತ್ತ ಅಡೋಬಿ, ಲ್ಯಾಬುಗಳಿಗೆಂದೇ ಸಿಸ್ಟಂಗೆ ಕಟ್ಟಿದ, ಯಾರು ಬೇಕಾದರೂ ಕೂತು ಬಳಸಬಹುದಾದ ಪ್ರತ್ಯೇಕ ಪರವಾನಗಿ ಇಟ್ಟಿದೆ.

ವಿದ್ಯಾರ್ಥಿಗಳಿಗೆ ಮತ್ತು ಶಿಕ್ಷಕರಿಗೆ ಆಟೋಡೆಸ್ಕ್, ಸೀಮೆನ್ಸ್ ಎರಡೂ ಪುಕ್ಕಟೆ ಪ್ರತಿ ಕೊಡುತ್ತವೆ. ಆಟೋಡೆಸ್ಕ್‌ನಲ್ಲಿ ಅರ್ಹತೆಯನ್ನು ವರ್ಷ ವರ್ಷ ಸಾಬೀತುಪಡಿಸಬೇಕು. ಕಲಿಕೆ ಬಿಟ್ಟು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿ ಪ್ರತಿಯಿಂದ ಚಿಕ್ಕಪ್ಪನ ಮನೆಯ ಪ್ಲಾನ್ ಬರೆದು ಪುರಸಭೆಗೆ ಕೊಟ್ಟರೆ ಅದು ಷರತ್ತಿನಾಚೆಯ ಬಳಕೆ. ಹಿಂದೆ ಆಟೋಕ್ಯಾಡ್‌ನ ವಿದ್ಯಾರ್ಥಿ ಆವೃತ್ತಿಯ ನಕ್ಷೆ ಪ್ರಿಂಟ್ ಮಾಡಿದರೆ ನಾಲ್ಕೂ ಅಂಚಿನಲ್ಲಿ ಆ ವಿಷಯ ಅಚ್ಚಾಗುತ್ತಿತ್ತು. ಅಂಥ ನಕ್ಷೆಯ ಒಂದು ತುಣುಕನ್ನು ಅಸಲಿ ನಕ್ಷೆಯೊಳಗೆ ಅಂಟಿಸಿದರೂ ಆ ಮುದ್ರೆ ಅದಕ್ಕೂ ಹತ್ತುತ್ತಿತ್ತು.

ಡಿಟಿಪಿ ಅಂಗಡಿಗಳ ಕಷ್ಟ ಬೇರೆಯೇ, ಅದು ಕನ್ನಡದ್ದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಸರ್ಕಾರದ ಬೆಂಬಲದಿಂದ ಪುಕ್ಕಟೆಯಾಗಿ ಹಂಚಿಕೆಯಾಯಿತು. 1998ರಲ್ಲಿ ಬಂದ, ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಹುಕಾಲ ಪುಕ್ಕಟೆ ಇದ್ದು, 10ನೇ ಆವೃತ್ತಿಯಿಂದ ಹಣ ಕೇಳಿತು. ಈ ಎರಡರ ಹಳೆಯ ಅಕ್ಷರಗಳು ಯೂನಿಕೋಡ್‌ಗೆ ಮುಂಚಿನ ಸಂಕೇತದಲ್ಲಿವೆ. ಅವನ್ನು ನೆಚ್ಚಿಕೊಂಡ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಇಪ್ಪತ್ತು ವರ್ಷದ ಲಗ್ನಪತ್ರಿಕೆಗಳೂ ಬಿಲ್ ಪುಸ್ತಕಗಳೂ ಪೇಜ್‌ಮೇಕರ್ ಕಡತಗಳಾಗಿ ಕೂತಿರುವ ಅಂಗಡಿಗೆ ಇನ್‌ಡಿಸೈನ್‌ಗೆ ಬದಲಾಗುವುದೆಂದರೆ ಅವೆಲ್ಲವನ್ನೂ ಪರಿವರ್ತಿಸಿ ಒತ್ತಕ್ಷರ, ಅರ್ಕಾವತ್ತುಗಳನ್ನು ಮತ್ತೆ ತಿದ್ದುವುದು. ಪೇಜ್‌ಮೇಕರ್‌ಗೆ ಹೊಸ ಪರವಾನಗಿ ಕೊಳ್ಳೋಣವೆಂದರೆ ಕಂಪನಿ ಮಾರುವುದಿಲ್ಲ. ಕಾನೂನುಬದ್ಧವಾಗಿರಲು ಬಯಸುವ ಅಂಗಡಿಯವನಿಗೂ ಹಳೆಯ ಅಸಲಿ ಸಿ.ಡಿ. ಇಲ್ಲದಿದ್ದರೆ ದಾರಿಯಿಲ್ಲದಂಥ ವಿಚಿತ್ರ ಸ್ಥಿತಿ ಇದು. ಕಳ್ಳಪ್ರತಿಯ ಚರ್ಚೆಯಲ್ಲಿ ಈ ಅಂಶ ಯಾರ ಗಮನಕ್ಕೂ ಬಂದಂತಿಲ್ಲ.

ಕಳ್ಳಪ್ರತಿ ವ್ಯಾಪಕ ಎಂಬುದು ಗುಟ್ಟಲ್ಲ. ಭಾರತದಲ್ಲಿ ಬಳಕೆಯಲ್ಲಿರುವ ತಂತ್ರಾಂಶದಲ್ಲಿ ಶೇಕಡಾ 56 ಪರವಾನಗಿ ಇಲ್ಲದ್ದು ಎಂದು ತಂತ್ರಾಂಶ ಕಂಪನಿಗಳ ಒಕ್ಕೂಟವಾದ ಬಿಎಸ್‌ಎ 2017ರ ಮಟ್ಟಿಗೆ ಅಂದಾಜಿಸಿತ್ತು. ಮಾರುವವರೇ ಮಾಡಿದ ಅಂದಾಜಾದ್ದರಿಂದ ಅಂಕಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು, ಆದರೂ ದಿಕ್ಕು ತಪ್ಪಿಲ್ಲ. ಪರವಾನಗಿಯ ತಡೆ ಮುರಿಯುವ ಕ್ರ್ಯಾಕ್ ಹಾಕುವವರು ಮೊದಲು ಆಂಟಿವೈರಸ್ ಆರಿಸಲು ಹೇಳುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದ. ಆಟೋಕ್ಯಾಡ್‌ಗೇ ಅಂಟುವ ವೈರಸ್‌ಗಳಿವೆ. ಡ್ರಾಯಿಂಗ್ ಇರುವ ಫೋಲ್ಡರಿನಲ್ಲಿ ನಿಗದಿತ ಹೆಸರಿನ, ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಡತವಿದ್ದರೆ ಆಟೋಕ್ಯಾಡ್ ಅದನ್ನು ತಾನಾಗಿಯೇ ಓಡಿಸುತ್ತಿದ್ದುದೇ ಇವುಗಳಿಗೆ ದಾರಿ. ಪೆನ್‌ಡ್ರೈವಿನಲ್ಲಿ ಫೋಲ್ಡರ್ ಸಮೇತ ನಕ್ಷೆ ಕೊಟ್ಟರೆ ಅದೂ ಜೊತೆಗೆ ಹೋಗುತ್ತದೆ. 2012ರಲ್ಲಿ ಆಂಟಿವೈರಸ್ ಸಂಸ್ಥೆ ಇಸೆಟ್ ಪತ್ತೆಹಚ್ಚಿದ ಮೆಡ್ರೆ ಎಂಬ ಹುಳು ಪೆರು ದೇಶದ ಸಾವಿರಾರು ನಕ್ಷೆಗಳನ್ನು ಚೀನಾದ ಇ-ಮೇಲ್ ಖಾತೆಗಳಿಗೆ ರವಾನಿಸಿತ್ತು. ಹೊಸ ಆವೃತ್ತಿಗಳು ನಂಬಿಕೆಯ ಫೋಲ್ಡರಿನಾಚೆಯ ಕಡತವನ್ನು ಕೇಳದೆ ಓಡಿಸುವುದಿಲ್ಲ. ಹಳೆಯ ಕ್ರ್ಯಾಕಿಗೆ ಅಂಟಿಕೊಂಡವರಿಗೆ ಈ ರಕ್ಷಣೆಯಿಲ್ಲ.

ಹಾಗಾದರೆ ಬದಲಿ ಏನು? ಪ್ಲಾನ್ ಬರೆಯುವವರಿಗೆ ಆಟೋಕ್ಯಾಡ್‌ನ ಡಿಡಬ್ಲ್ಯುಜಿ ಕಡತವನ್ನೇ ನೇರವಾಗಿ ತೆರೆಯುವ ಬ್ರಿಕ್ಸ್‌ಕ್ಯಾಡ್, ಜೆಡ್‌ಡಬ್ಲ್ಯುಕ್ಯಾಡ್‌ನಂಥವು ಒಮ್ಮೆಗೇ ಕೊಳ್ಳುವ ಪರವಾನಗಿಯಲ್ಲಿ ಸಿಗುತ್ತಿವೆ. ಮನೆ ಪ್ಲಾನಿನಂಥ ಎರಡು ಆಯಾಮದ ಕೆಲಸಕ್ಕೆ ಆಟೋಕ್ಯಾಡ್ ಎಲ್‌ಟಿ ಸಾಕು, ಬೆಲೆಯೂ ಬಹಳ ಕಡಿಮೆ. 2024ರ ಆವೃತ್ತಿಯಿಂದ ಅದರಲ್ಲಿ ಲಿಸ್ಪ್ ಕೂಡ ಓಡುತ್ತದೆ. ಕಟ್ಟಡ ಪರವಾನಗಿಗೆ ನಕ್ಷೆಯನ್ನು ಆನ್‌ಲೈನಿನಲ್ಲಿ ಕಳಿಸುವ ಕಾಲದಲ್ಲಿ ಕಡತದ ನಮೂನೆ ಹೊಂದುತ್ತದೆಯೇ ಎಂಬುದನ್ನು ಮಾತ್ರ ಕೊಳ್ಳುವ ಮುಂಚೆ ಪರೀಕ್ಷಿಸಬೇಕು. ಪೂರ್ತಿ ಮುಕ್ತ ತಂತ್ರಾಂಶಗಳಾದ ಲಿಬ್ರೆಕ್ಯಾಡ್, ಫ್ರೀಕ್ಯಾಡ್, ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್‌ಗಳಿಗೆ ಸೀಟಿನ ಲೆಕ್ಕವೇ ಇಲ್ಲ. ಎಷ್ಟು ಸಿಸ್ಟಂಗೆ ಬೇಕಾದರೂ ಹಾಕಬಹುದು, ನಕಲು ಮಾಡಿ ಹಂಚಬಹುದು, ಹಣಕ್ಕೂ ದುಡಿಸಬಹುದು. ನುಡಿಯಂತೆ ಪುಕ್ಕಟೆ ಸಿಗುವುದಕ್ಕೂ ಇವುಗಳ ಮುಕ್ತತೆಗೂ ವ್ಯತ್ಯಾಸವಿದೆ: ಇವುಗಳ ಮೂಲ ಸಂಕೇತವೇ ತೆರೆದಿದೆ, ಯಾರೂ ಹಿಂದಕ್ಕೆ ಪಡೆಯಲಾರರು. ಫ್ರೀಕ್ಯಾಡ್ 1.0 ಬರಲು 2024ರ ನವೆಂಬರ್‌ವರೆಗೆ ಕಾಯಬೇಕಾಯಿತು ಎಂಬುದೂ, ಲಿಬ್ರೆಕ್ಯಾಡ್‌ಗೆ ಹೊಸ ಡಿಡಬ್ಲ್ಯುಜಿ ಕಡತಗಳು ಸರಿಯಾಗಿ ದಕ್ಕುವುದಿಲ್ಲ ಎಂಬುದೂ ಅಷ್ಟೇ ನಿಜ.

ಮುಕ್ತ ತಂತ್ರಾಂಶ ಬಳಕೆಗೆ ಉದಾಹರಣೆ ಪಕ್ಕದಲ್ಲೇ ಇದೆ. ಗುಂಡ್ಲುಪೇಟೆಯಿಂದ ಬಂಡೀಪುರ ಕಾಡು ದಾಟಿದರೆ ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿ. ಅಲ್ಲಿನ ಸರ್ಕಾರಿ ಶಾಲೆಗಳ ಲ್ಯಾಬುಗಳಲ್ಲಿ ಓಡುವುದು ಲಿನಕ್ಸ್. 2001ರಲ್ಲಿ ಆರಂಭವಾದ ಕೇರಳದ ಐಟಿ@ಸ್ಕೂಲ್ ಯೋಜನೆ, ಆ ದಶಕದಲ್ಲೇ ಮುಕ್ತ ತಂತ್ರಾಂಶದತ್ತ ಹೊರಳಿತು. 2017ರಿಂದ ಅದು ಕೈಟ್ ಎಂಬ ಸರ್ಕಾರಿ ಕಂಪನಿ. ಚಿತ್ರ ಬರೆಯಲು, ಪೋಸ್ಟರ್ ಮಾಡಲು ಅಲ್ಲಿನ ಮಕ್ಕಳು ಗಿಂಪ್, ಇಂಕ್‌ಸ್ಕೇಪ್ ಕಲಿಯುತ್ತಾರೆ. ಕರ್ನಾಟಕ ಬೇರೆ ದಾರಿ ಹಿಡಿಯಿತು: 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 4,636 ಕೋಟಿ ರೂಪಾಯಿಯಲ್ಲಿ ಮೇಲ್ದರ್ಜೆಗೇರಿಸಿ, ಕಾರ್ಖಾನೆಗಳು ಬಳಸುವ ತಂತ್ರಾಂಶವನ್ನೇ ಕಲಿಸತೊಡಗಿತು. ಕೆಲಸ ಹುಡುಕುವ ಹುಡುಗನ ದೃಷ್ಟಿಯಿಂದ ಕರ್ನಾಟಕದ ಲೆಕ್ಕ ತಪ್ಪಲ್ಲ. ಸ್ವಂತ ಅಂಗಡಿ ಇಡುವವನಿಗೆ ಕೇರಳದ್ದೇ ಮೇಲು, ಏಕೆಂದರೆ ಕಲಿತದ್ದನ್ನು ಮರುದಿನವೇ ಒಂದು ಪೈಸೆ ಪರವಾನಗಿ ಕಟ್ಟದೆ ದುಡಿಮೆಗೆ ಹಚ್ಚಬಹುದು.

ಕೊನೆಯ ಪ್ರಶ್ನೆ ಹಸ್ತಾಂತರದ್ದು. ಲಾಕಿನ ಕಾಲದಲ್ಲಿ ಅಂಗಡಿ ಮಾರುವಾಗ ತಂತ್ರಾಂಶವೂ ಸಿಸ್ಟಂ ಜೊತೆ ಹೋಗುತ್ತಿತ್ತು. ಚಂದಾ ಹಾಗಲ್ಲ, ಖಾತೆ ಒಬ್ಬನ ಹೆಸರಿನಲ್ಲಿದ್ದು, ಬಹುಪಾಲು ಕಂಪನಿಗಳ ಷರತ್ತಿನಲ್ಲಿ ಲಿಖಿತ ಒಪ್ಪಿಗೆಯಿಲ್ಲದೆ ವರ್ಗಾವಣೆಗೆ ಅವಕಾಶವಿಲ್ಲ. ಬಿಟ್ಟು ಹೋದ ಕೆಲಸಗಾರನ ಸ್ವಂತ ಇ-ಮೇಲ್‌ನಲ್ಲಿ ಚಂದಾ ಮಾಡಿಸಿದ್ದರೆ ಕೀಲಿ ಅವನ ಬಳಿಯೇ ಉಳಿಯುತ್ತದೆ. ಆದ್ದರಿಂದ ಖಾತೆಯನ್ನು ಅಂಗಡಿಯ ಹೆಸರಿನ ಇ-ಮೇಲ್‌ನಲ್ಲಿ ತೆರೆದು, ಅದಕ್ಕೆ ಮಾಲೀಕನ ಫೋನ್ ನಂಬರ್ ಜೋಡಿಸುವುದು, ಶೇಕಡಾ 18 ಜಿಎಸ್‌ಟಿ ನಮೂದಾದ ಬಿಲ್ಲನ್ನು ಜೋಪಾನ ಮಾಡುವುದು, ಸಿದ್ಧವಾದ ಪ್ರತಿ ನಕ್ಷೆಯನ್ನು ಡಿಎಕ್ಸ್‌ಎಫ್ ಮತ್ತು ಪಿಡಿಎಫ್ ರೂಪದಲ್ಲೂ ತೆಗೆದಿಡುವುದು ರೂಢಿಯಾಗಬೇಕು. 1982ರಲ್ಲಿ ಆಟೋಕ್ಯಾಡ್ ಜೊತೆಗೇ ಹುಟ್ಟಿದ ಡಿಎಕ್ಸ್‌ಎಫ್‌ನ ವಿವರ ಬಹಿರಂಗವಾಗಿರುವುದರಿಂದ, ಚಂದಾ ನಿಂತ ಮೇಲೂ ಆ ನಕ್ಷೆ ಬೇರೆ ತಂತ್ರಾಂಶದಲ್ಲಿ ತೆರೆಯುತ್ತದೆ.